ಅಸ್ಗರಿ ಟೀಚರ್ ಸತ್ತ ವಾರ

ಅಸ್ಗರಿ ಟೀಚರ್ ತಾವು ಸತ್ತ ಸುದ್ದಿಯನ್ನು ಬಸವಕಲ್ಯಾಣದ ತಮ್ಮ ಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಚಾಯ್ ಕುಡಿಯುತ್ತ ಕೇಳಿದರು.

ಸುದ್ದಿ ಬಂದದ್ದು ರೇಡಿಯೊದಲ್ಲಿ. ಆಕಾಶವಾಣಿಯಲ್ಲಲ್ಲ. ವಿಜ್ಞಾನ ಕಲಿಸಿ ನಿವೃತ್ತರಾದ ಟೀಚರ್ ಸರಕಾರದ ಪರವಾನಗಿ ಪಡೆದ ಹ್ಯಾಮ್, ಅಂದರೆ ಸ್ವಂತ ಯಂತ್ರದಿಂದ ದೂರದವರ ಜೊತೆ ಮಾತಾಡುವ ಹವ್ಯಾಸಿ. ಇಂಥವರೆಲ್ಲ ಭಾನುವಾರ ಏಳು ಗಂಟೆಗೆ ಕೂಡುತ್ತಾರೆ. ಬಾಯಿಮಾತಿಲ್ಲ, ಎಲ್ಲ ಚುಕ್ಕಿ-ಗೀಟಿನ ಮೋರ್ಸ್. ಹಾಜರಿ ಕರೆಯುವವರು ಹುಮನಾಬಾದಿನ ವೈಜಿನಾಥ, ಲೈನ್‌ಮನ್ ಆಗಿದ್ದವರು. ಅವತ್ತು ಅವರು ಹಾಜರಿಗೂ ಮೊದಲು, ಬಸವಕಲ್ಯಾಣದ ಅಸ್ಗರಿ ಆಪಾ ತೀರಿಕೊಂಡರು, ಎರಡು ನಿಮಿಷ ಮೌನ ಆಚರಿಸೋಣ ಎಂದು ಬಡಿದುಬಿಟ್ಟರು.

ಟೀಚರೂ ಕಪ್ಪು ಹಿಡಿದು ಎರಡು ನಿಮಿಷ ಸುಮ್ಮನೆ ಕೂತರು. ಬೇರೆ ಗತಿಯಿರಲಿಲ್ಲ. ಕೇಳುವ ಪೆಟ್ಟಿಗೆ ಸರಿಯಾಗಿತ್ತು, ಮಾತಾಡುವ ಪೆಟ್ಟಿಗೆ ಕೆಟ್ಟು ವರ್ಷವಾಗಿತ್ತು. ಆಮೇಲೆ ಒಬ್ಬೊಬ್ಬರೂ ಅವರ ಗುಣಗಾನ ಮಾಡಿದರು. ಬದುಕಿದ್ದಾಗ ಇಷ್ಟು ಹೊಗಳಿದ್ದರೆ ಏನು ಹೋಗುತ್ತಿತ್ತು ಇವರ ಗಂಟು!

ಸೊಸೆ ಗೌಹರ ನಕ್ಕು ನಕ್ಕು ಸುಸ್ತಾದಳು. "ಅಮ್ಮಿ, ಒಂದು ಫೋನ್ ಹಚ್ಚಿ ಹೇಳಿಬಿಡ್ರಿ. ಮುಗೀತು."

"ಫೋನ್ ಯಾಕ ಹಚ್ಚಲಿ? ಸುದ್ದಿ ಹಬ್ಬಿಸೋಕ್ಕಿಂತ ಮೊದಲು ಅವರು ನನಗ ಹಚ್ಚ್ಯಾರೇನು? ರೇಡಿಯೋದಾಗ ಕೊಂದಾರ, ರೇಡಿಯೋದಾಗೇ ಎದ್ದು ಬರತೀನಿ. ಮುಂದಿನ ಐತವಾರ."

ಟೀಚರಿಗೆ ಬರೀ ಸಿಟ್ಟಾಗಿರಲಿಲ್ಲ, ನೋವೂ ಆಗಿತ್ತು. ಹುಮನಾಬಾದು ಎಷ್ಟು ದೂರ? ಬಸ್ ಹತ್ತಿದರೆ ಒಂದು ನಿದ್ದೆಯ ದಾರಿ. ಹದಿನೈದು ವರ್ಷ ವಾರವಾರ ಮಾತಾಡಿದ ಮನುಷ್ಯ, ಮಣ್ಣಿಗೆ ಬರುವುದಿರಲಿ, ಮನೆಯವರನ್ನು ಒಂದು ಮಾತು ವಿಚಾರಿಸಲಿಲ್ಲ.

ಸೋಮವಾರ ಮೇಜಿನ ಮೇಲಿನ ಧೂಳು ಒರೆಸಿ ಕೂತರು. ಟ್ರಾನ್ಸ್‌ಮಿಟರ್ ಗಾಜಿನ ವಾಲ್ವ್‌ಗಳದ್ದು, ಹರೆಯದಲ್ಲಿ ತಾವೇ ಕಟ್ಟಿದ್ದು. ಸಂಕೇತವನ್ನು ಆಕಾಶಕ್ಕೆ ತಳ್ಳುವ ಕೊನೆಯ ದೊಡ್ಡ ವಾಲ್ವ್ ಇನ್ನೂ ಗಟ್ಟಿಮುಟ್ಟಾಗಿತ್ತು. ಸತ್ತದ್ದು ಅದನ್ನು ಹಿಂದಿನಿಂದ ಎಬ್ಬಿಸುವ ಸಣ್ಣ ವಾಲ್ವ್, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಹೈದರಾಬಾದಿನಿಂದ ತರಿಸಿದ್ದೊಂದು ಪಾರ್ಸೆಲಿನಲ್ಲೇ ಒಡೆದು ಚೂರಾಗಿ ಬಂದಿತ್ತು. ಆಗಲೇ ಟೀಚರ್ ಕೈಚೆಲ್ಲಿದ್ದು. ಈಗ ಆ ಜಾಗಕ್ಕೆ ಟ್ರಾನ್ಸಿಸ್ಟರಿನ ಡ್ರೈವರ್ ಕಟ್ಟಿಯೇ ಸಿದ್ಧ ಎಂದು ಹಟ ಹಿಡಿದರು.

ಆದರೆ ವಾಲ್ವಿಗೂ ಟ್ರಾನ್ಸಿಸ್ಟರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ವಾಲ್ವಿಗೆ ಬೇಕಾದದ್ದು ವೋಲ್ಟೇಜಿನ ಎತ್ತರ, ಕರೆಂಟು ಹನಿಯಷ್ಟಿದ್ದರೂ ಸಾಕು. ಟ್ರಾನ್ಸಿಸ್ಟರಿನದು ಉಲ್ಟಾ, ಕರೆಂಟು ಧಾರಾಳ, ಎತ್ತರ ಇಲ್ಲ. ಬೋರ್‌ವೆಲ್ ತುಂಬ ನೀರಿದ್ದೂ ಮಾಳಿಗೆಯ ಟಾಕಿಗೆ ಏರದ ಹಾಗೆ. ಟೀಚರ್ ಕಟ್ಟಿದ ಮೊದಲ ಡ್ರೈವರಿಗೆ ದೊಡ್ಡ ವಾಲ್ವ್ ಮೈಯನ್ನೇ ಅಲ್ಲಾಡಿಸಲಿಲ್ಲ. ನಡುವೆ ಎತ್ತರಕ್ಕೆ ಏರಿಸುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಅದರ ನಡುವಿನ ಫೆರೈಟ್ ಉಂಗುರ ಮನೆಯಲ್ಲಿತ್ತು, ಅದರ ಮೇಲೆ ಸುತ್ತುವ ಸಣ್ಣ ತಂತಿ ಇರಲಿಲ್ಲ.

ಬುಧವಾರ ಬಸ್ ಹತ್ತಿ ಹುಮನಾಬಾದಿಗೆ ಹೋದರು. ಅಲ್ಲಿ ಅವರ ಹಳೆಯ ಶಿಷ್ಯೆ ವಿಶಾಖಾ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾಳೆ. ಕತೆ ಕೇಳಿ ಅವಳು ತಂತಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ವೈಜಿನಾಥ ಕಾಕಾರ ಮನಿ ಇಲ್ಲೇ ಹಿಂದಿನ ಓಣ್ಯಾಗ ಅದರಿ ಮೇಡಂ. ಹೋಗಿ ಮುಂದ ನಿಂದ್ರರಿ, ದೆವ್ವ ಅಂತ ಮಾಣಿಕನಗರ ತನಕ ಓಡತಾರ."

ಟೀಚರ್ ಬಾಗಿಲಿಗೆ ಬಂದು ನೋಡಿದರು. ಮಾಳಿಗೆಗಳ ಮೇಲೆ ವೈಜಿನಾಥರ ಏರಿಯಲ್ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ಹೋಗಿ ಬಾಗಿಲು ಬಡಿದರೆ ಈ ಕ್ಷಣವೇ ಎಲ್ಲ ಮುಗಿಯುತ್ತಿತ್ತು. ಅವರು ಒಳಗೆ ಬಂದು ಕೂತರು. "ತಂತಿ ಕೊಡವ್ವಾ. ಬಸ್ ಹೋಗ್ತದ."

ಗುರುವಾರ ಉಂಗುರದ ಮೇಲೆ ಒಂದು ಕಡೆ ಕೆಲವೇ ಸುತ್ತು, ಇನ್ನೊಂದು ಕಡೆ ಅದರ ಹಲವು ಪಟ್ಟು ಸುತ್ತು ಹಾಕಿ ಜೋಡಿಸಿದರು. ಪೆಟ್ಟಿಗೆಯೊಳಗೆ ಕೊಲ್ಲುವಷ್ಟು ವೋಲ್ಟೇಜು ಇರುವುದರಿಂದ ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈ ಬೆನ್ನ ಹಿಂದೆ. ನಿಜವಾಗಿ ಸತ್ತು ವೈಜಿನಾಥರ ಮಾತು ಉಳಿಸುವ ಇರಾದೆ ಅವರಿಗಿರಲಿಲ್ಲ. ಸ್ವಿಚ್ ಹಾಕಿದರೆ ಹೊಸ ಗ್ರಹಚಾರ. ಮೋರ್ಸ್ ಬಡಿಯುವ ಕೀಲಿ ಒತ್ತುವ ಮೊದಲೇ ಡ್ರೈವರ್ ತಾನೇ ತಾನಾಗಿ ಕಿರಿಚತೊಡಗಿತು. ಮುಂದೆ ಹೋದ ಸಂಕೇತ ಹಿಂದಕ್ಕೆ ನುಸುಳಿ, ಅದೇ ಮತ್ತೆ ಬಲಿತು, ಟ್ರಾನ್ಸಿಸ್ಟರ್ ಕಾದು ಚಟ್ಟೆಂದಿತು.

"ಇದಕ್ಕೂ ವೈಜಿನಾಥರ ಚಟ. ಕೇಳದೇ ಕೆದಕದೇ ತಾನೇ ಒದರತದ" ಎಂದರು ಟೀಚರ್.

ಶುಕ್ರವಾರ ಇನ್ನೊಂದು ಸುಟ್ಟಿತು. ಗೌಹರಳಿಗೆ ಈಗ ನಗು ಬರಲಿಲ್ಲ. "ಬಿಡ್ರಿ ಅಮ್ಮಿ, ಕಣ್ಣು ಕೆಂಪಗಾಗ್ಯಾವ."

"ಬಿಟ್ಟರ ನಾ ಸತ್ತಿದ್ದು ಖರೆ ಆಗತದ" ಎಂದರು ಟೀಚರ್. ಗೌಹರ ಅಡುಗೆಮನೆಗೆ ಹೋಗಿ, ಚಹಾಪುಡಿಯ ತಗಡಿನ ಡಬ್ಬಿ ಖಾಲಿ ಮಾಡಿ ತಂದಿಟ್ಟಳು. ಬೆಳಿಗ್ಗೆ ಟೀಚರ್ ಅದನ್ನೇ ಕೇಳಿದ್ದರು. ಶನಿವಾರ, ಸಂಕೇತ ಹಿಂದಕ್ಕೆ ನುಸುಳದಂತೆ, ಡ್ರೈವರನ್ನು ಆ ಡಬ್ಬಿಯೊಳಗೆ ಕೂಡಿಸಿ, ತಗಡಿಗೆ ಅರ್ಥಿಂಗ್ ಕೊಟ್ಟು, ಸುತ್ತಿನ ಎರಡು ತುದಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಬೆಸೆದರು. ಸ್ವಿಚ್ ಹಾಕಿದರು. ನಿಶ್ಶಬ್ದ. ಕೀಲಿ ಒತ್ತಿದರು. ಮೀಟರಿನ ಮುಳ್ಳು ಮೇಲೆದ್ದು ನಿಂತಿತು. ಬಿಟ್ಟರು, ಮಲಗಿತು. ಟೀಚರ್ ಸೊಸೆಯ ಗಲ್ಲ ಹಿಡಿದು ಮುದ್ದಿಟ್ಟರು.

ಭಾನುವಾರ ಏಳು ಗಂಟೆ. ವೈಜಿನಾಥ ಹಾಜರಿ ಮುಗಿಸಿ, ಇನ್ನಾರಾದರೂ ಇದ್ದೀರಾ ಎಂದು ಕೇಳಿದರು. ಟೀಚರ್ ತಮ್ಮ ಸಂಕೇತನಾಮ ಬಡಿದರು.

ಉತ್ತರವಾಗಿ ಬಂದದ್ದು ಬೈಗುಳ. ಯಾರು ನೀವು? ಈ ಸಂಕೇತ ತೀರಿಹೋದವರದು. ಅವರ ಮೋರ್ಸಿನ ದನಿ ಕೋಗಿಲೆಯಂತೆ ಸ್ವಲ್ಪ ಜಾರುತ್ತಿತ್ತು, ನಿಮ್ಮದು ನೆಟ್ಟಗಿದೆ. ಸತ್ತವರ ಹೆಸರಲ್ಲಿ ಆಟ ಆಡಬೇಡಿ, ಹೊರಡಿ.

ಹಳೆಯ ಡ್ರೈವರಿನ ಜಾರುದನಿ ಹೊಸದಕ್ಕೆ ಇರಲಿಲ್ಲ. ಇಷ್ಟು ಬೆವರು ಸುರಿಸಿದ್ದು ಕಳ್ಳಿ ಅನ್ನಿಸಿಕೊಳ್ಳಲಿಕ್ಕೇ? ಟೀಚರಿಗೆ ಸಿಟ್ಟು ನೆತ್ತಿಗೇರಿತು. ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಕನ್ನಡವನ್ನೇ ಬಡಿದರು: "ವೈಜಿನಾಥ, ನಿಮ್ಮ ಹೆಸರಿನ ಮೊದಲನೇ ಅಕ್ಷರದಾಗ ಒಂದು ಚುಕ್ಕಿ ನುಂಗೋದು ಇನ್ನೂ ಬಿಟ್ಟಿಲ್ಲೇನ್ರಿ? ಎಷ್ಟು ವರ್ಷ ಹೇಳಬೇಕು ನಿಮಗ?"

ಆ ಕಡೆಯ ಕೀಲಿ ತಡವರಿಸಿತು. "ಆಪಾ?"

"ಹೌದ್ರಿ."

"ರಾಜೇಶ್ವರದಾಗ ಅಸ್ಗರಿ ಟೀಚರ್ ಹೋದ್ರು ಅಂತ ಕೇಳಿದೆ. ನೀವೂ ವರ್ಷದಿಂದ ಬಂದಿರಲಿಲ್ಲ. ನೀವೇ ಅಂದ್ಕೊಂಡೆ. ಮಾಫ್ ಮಾಡ್ರಿ."

ಅವರು ರಾಜೇಶ್ವರ ಎಂಬ ಊರಿನ ಬೇರೆ ಅಸ್ಗರಿ, ಪಾಪ. ಟೀಚರಿಗೆ ಅದು ಗೊತ್ತಿತ್ತು. ಆದರೆ ವಾರವಿಡೀ ಚುಚ್ಚಿದ ಪ್ರಶ್ನೆ ಅದಾಗಿರಲಿಲ್ಲ. ಕೇಳಿಯೇಬಿಟ್ಟರು: "ಒಂದು ಫೋನ್ ಯಾಕ ಮಾಡಲಿಲ್ಲ?"

ಉತ್ತರ ಒಂದೊಂದೇ ಅಕ್ಷರವಾಗಿ ಬಂತು.

"ಎರಡು ಸಲ ನಂಬರ್ ಒತ್ತಿ ಬಿಟ್ಟೆ ಆಪಾ. ಬ್ಯಾರೆ ಯಾರರೆ ಎತ್ತಿ ಹೌದು ಅಂದಬಿಟ್ಟರ ಅಂತ ಧೈರ್ಯ ಸಾಲಲಿಲ್ಲ."

ಟೀಚರಿಗೆ ಕಣ್ಣೀರು ತಡೆಯಲಾಗಲಿಲ್ಲ. ಬೈಯಲು ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೀಲಿಗೆ ಬೆರಳಿಟ್ಟರು.

"ಮುಂದಿನ ಸಲ ಮಾಡ್ರಿ. ನಾನೇ ಎತ್ತತೀನಿ."