ಗಿರಿಯಪ್ಪಜ್ಜನ ಜೀಪಿನ ದುಂಬಿ

ಬಸವಣ್ಣೆವ್ವನ ಮನೆಯ ಜೀಪಿಗೆ ಚಾವಿ ಇತ್ತು. ಅದನ್ನು ಜೀಪಿನಿಂದ ತೆಗೆಯುವ ರೂಢಿ ಮಾತ್ರ ಇರಲಿಲ್ಲ. ಕೆಂಪು ದಾರ ಕಟ್ಟಿದ ಆ ಚಾವಿ ಯಾವಾಗ ನೋಡಿದರೂ ಸ್ಟೇರಿಂಗಿನ ಪಕ್ಕದಲ್ಲಿ ತೂಗುತ್ತಿತ್ತು. ಬ್ಯಾಡಗಿ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಹಾಕಿಕೊಟ್ಟವನು ಬಸವಣ್ಣೆವ್ವನ ಗಂಡ ಗಿರಿಯಪ್ಪ.

"ಹೆರಿಗಿ ಬ್ಯಾನಿ ನಮ್ಮನ್ನ ಕೇಳಿ ಬರ್ತೇತೇನು? ಬಂದವರು ನನ್ನ ಎಬ್ಬಿಸಿ, ನಾ ಚಾವಿ ಹುಡುಕಿ ಕೊಡೂದ್ರಾಗ ಕೂಸು ಭೂಮಿಗೆ ಬಂದಿರ್ತೇತಿ. ಇರ್ಲಿ ಬಿಡ್ರಿ ಗಾಡ್ಯಾಗ," ಎನ್ನುತ್ತಿದ್ದ ಅವನು.

ಆ ಊರಿನದು ಎರೆಭೂಮಿ. ಮಳೆ ಬಿದ್ದರೆ ಹೊಲದ ದಾರಿಯ ಮಣ್ಣು ಕಾಲು ಹಿಡಿದು ಬಿಡುವುದಿಲ್ಲ. ಕರೆದರೆ ಬರುವ ಆಂಬುಲೆನ್ಸ್ ಈಗ ಊರ ಮುಂದಿನ ಡಾಂಬರು ರಸ್ತೆಯ ತನಕ ಬರುತ್ತದೆ. ಅಲ್ಲಿಂದಾಚೆ, ಹೊಲದ ಮನೆಗಳ ತನಕ ಕೆಸರು ಸೀಳಿಕೊಂಡು ಹೋಗುವುದು ನಾಲ್ಕೂ ಗಾಲಿಗೆ ಬಲವಿರುವ ಆ ಹಳೆಯ ಜೀಪು ಒಂದೇ.

ಗಿರಿಯಪ್ಪನ ಮೊಮ್ಮಗಳು ನಾಗಲಕ್ಷ್ಮಿ ಹುಟ್ಟಿದ್ದೇ ಆ ಜೀಪಿನಲ್ಲಿ. ಬ್ಯಾಡಗಿ ದವಾಖಾನೆಯ ದಾರಿಯಲ್ಲಿ, ಹಿಂದಿನ ಸೀಟಿನ ಮೇಲೆ, ಅಜ್ಜಿಯ ಹಳೆಯ ಇಳಕಲ್ ಸೀರೆಯ ಮರೆಯಲ್ಲಿ. ಅದಕ್ಕೋ ಏನೋ, ಅವಳ ಬಾಲ್ಯದ ನೆನಪುಗಳಿಗೆಲ್ಲ ಡೀಸೆಲ್ಲಿನ ವಾಸನೆ, ಕಾದ ತಾಡಪತ್ರಿಯ ವಾಸನೆ, ಒಣಮೆಣಸಿನಕಾಯಿಯ ಘಾಟು ಅಂಟಿಕೊಂಡಿದ್ದವು. ಪೇಟೆಯಿಂದ ಬರುವಾಗ ಅಜ್ಜಿಯ ತೊಡೆಯ ಮೇಲೆ ಮಲಗಿ ಕಥೆ ಕೇಳುವುದು ಅವಳ ಸುಖ. ಅಜ್ಜಿ ಯಾವಾಗಲೂ ಅದೇ ಕಥೆ ಹೇಳುತ್ತಿದ್ದಳು: ಒಬ್ಬ ರಾಜಕುಮಾರಿ, ಅವಳ ಜೀವ ಅವಳ ಮೈಯಲ್ಲಿರಲಿಲ್ಲ. ಕೆರೆಯ ನಡುವೆ ಒಂದು ಕಂಬ, ಕಂಬದೊಳಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ದುಂಬಿ, ದುಂಬಿಯೊಳಗೆ ಅವಳ ಜೀವ. ರಾಕ್ಷಸ ಅವಳನ್ನು ಹೊತ್ತುಕೊಂಡು ಹೋದ. ಹೋದರೇನು, ಅವಳು ಕಣ್ಣು ಬಿಡಲಿಲ್ಲ, ಮಾತಾಡಲಿಲ್ಲ, ಕಲ್ಲಿನಂತೆ ಬಿದ್ದುಕೊಂಡಳು. ದುಂಬಿ ಎಲ್ಲಿದೆಯೆಂದು ಅವನಿಗೇನು ಗೊತ್ತು! ಅಷ್ಟರಲ್ಲಿ ಜೀಪಿನ ಗುಂಯ್ ಎನ್ನುವ ಸದ್ದೇ ದುಂಬಿಯ ಸದ್ದಾಗಿ ಹುಡುಗಿಗೆ ನಿದ್ದೆ ಹತ್ತುತ್ತಿತ್ತು.

ಇನ್ನೊಂದು ನೆನಪೂ ಇತ್ತು. ಪರ ಊರಿನಲ್ಲಿ ಜೀಪು ನಿಲ್ಲಿಸಿದರೆ ಅಜ್ಜ ಕೆಳಗಿಳಿದು, ಬಗ್ಗಿ, ತನ್ನ ಸೀಟಿನ ಕೆಳಗೆ ಕೈ ಹಾಕಿ ಏಳುತ್ತಿದ್ದ. ದುಡಿದ ಜೀಪಿನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ ಎಂದುಕೊಂಡಿದ್ದಳು ಅವಳು.

ಅಜ್ಜ ತೀರಿಕೊಂಡ ಮೇಲೆ ಜೀಪು ನಾಗಲಕ್ಷ್ಮಿಯ ಅಪ್ಪ ಕಲ್ಲೇಶನ ಕೈಗೆ ಬಂತು. ಚಾವಿ ತೂಗುತ್ತಲೇ ಇತ್ತು. ಬ್ಯಾಟರಿ ಮಾತ್ರ ಸೋತಿತ್ತು. ಹಾಗಾಗಿ ಕಲ್ಲೇಶ ಜೀಪನ್ನು ಎಲ್ಲಿ ನಿಲ್ಲಿಸಿದರೂ ಇಳಿಜಾರು ನೋಡಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದ. ಹ್ಯಾಂಡ್ ಬ್ರೇಕ್ ಇಳಿಸಿದರೆ ತಾನಾಗಿ ಉರುಳಬೇಕು, ಉರುಳುವಾಗ ಗೇರಿಗೆ ಹಾಕಿದರೆ ಎಂಜಿನ್ ಏಳಬೇಕು.

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಪಕ್ಕದ ಮನೆಯ ಕುಲ್ಸುಮಬಿ ಸೆರಗಿನಲ್ಲಿ ಮೂಗು ಒರೆಸುತ್ತ ಬಂದಳು. ಅವಳೂ ಬಸವಣ್ಣೆವ್ವನೂ ಒಂದೇ ಸ್ವಸಹಾಯ ಸಂಘದವರು.

"ಯವ್ವಾ, ಹಾವೇರ್ಯಾಗ ನಮ್ಮಣ್ಣನ ಜೀಪ್ ಹೋತು."

"ಎಲ್ಲಿಗೆ ಹೋತು?" ಎಂದಳು ಬಸವಣ್ಣೆವ್ವ.

"ಎಲ್ಲಿಗೆ ಅಂತ ಗೊತ್ತಿದ್ರ ನಾ ಯಾಕ ಅಳತಿದ್ನಿ? ಕಳವಾತು. ನಮಾಜ್ ಮುಗಿಸಿ ಬರೂದ್ರಾಗ ಬಾಗ್ಲ ಮುಂದ ಬರೇ ಎಣ್ಣಿ ಕಲಿ ಉಳದಿತ್ತಂತ."

ಮೆಣಸಿನಕಾಯಿ ಚೀಲ ಹೊಲಿಯುತ್ತಿದ್ದ ಕಲ್ಲೇಶ ನಕ್ಕ. "ಅಲ್ಲಕ್ಕಾ, ಓಣಿ ತುಂಬ ಹೊಸಾ ಕಾರು ನಿಂತಿರ್ತಾವ. ಅವನ್ನ ಬಿಟ್ಟು ಹಳೇ ಡಬ್ಬಿ ಒಯ್ದಾನಂದ್ರ ಆ ಕಳ್ಳಗ ತಲಿ ಇಲ್ಲ ಬಿಡು."

"ಅವಂಗ ತಲಿ ಭಾಳ ಐತೋ ತಮ್ಮಾ. ಪೊಲೀಸ್ರ ಹೇಳಿದ್ರು. ಹೊಸಾ ಗಾಡಿಗೆ ಬಾಗ್ಲ ಅದಾವ, ಕೀಲಿ ಅದಾವ, ಮುಟ್ಟಿದ್ರ ಒದರ್ತಾವ. ಹಳೇ ಜೀಪಿಗೆ ಏನೈತಿ? ತಾಡಪತ್ರಿ ಸರಿಸಿ ಕುಂತ್ರ ಮುಗೀತು. ಬಿಚ್ಚಿ ಮಾರಿದ್ರ ಒಂದೊಂದು ಸಾಮಾನಕ್ಕೂ ಗಿರಾಕಿ ಅದಾರ. ಇಂಥಾ ಜೀಪಿಗೆ ಬಣ್ಣ ಬಳದು ಶೋಕಿ ಮಾಡೂ ಮಂದಿ ಬ್ಯಾರೆ."

"ನಮ್ಮ ಜೀಪ್ ಚಾಲೂ ಮಾಡೂದ್ರಾಗ ನನಗ ಬೆವರು ಇಳೀತೇತಿ. ಕಳ್ಳ ಏನ ಮಾಡ್ತಾನ? ಇಳಿಜಾರಿನ್ಯಾಗ ಉಳ್ಳಿಸಿದ್ರನ ಏಳೂದು ಅದು."

"ಅದನ್ನ ನಾನೂ ಹೇಳಾಕತ್ತೇನಿ. ನೀ ಉಳ್ಳಿಸಿದ್ರ ಏಳೂ ಗಾಡಿ, ಅಂವ ಉಳ್ಳಿಸಿದ್ರ ಏಳಂಗಿಲ್ಲೇನು? ಸಪ್ಪಳನೂ ಇಲ್ಲದ ಜಾರಿ ಹೋಗ್ತೇತಿ. ಮ್ಯಾಲ ನೀ ಕೆಂಪು ದಾರ ಕಟ್ಟಿ ಚಾವಿ ಬ್ಯಾರೆ ಇಟ್ಟಿ, ಬೀಗರಿಗೆ ಎಲಿ ಅಡಿಕಿ ಇಟ್ಟಂಗ!"

ನಾಗಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮುಖ ನೋಡಿ ಸುಮ್ಮನಾದಳು. ಕಲ್ಲೇಶ ದಬ್ಬಣ ಕೆಳಗಿಟ್ಟಿದ್ದ.

"ಚಾವಿ ತಗದ್ರ ಊರಾಗ ಏನಂತಾರಕ್ಕಾ? ಗಿರಿಯಪ್ಪ ಹ್ವಾದ, ಮಗ ಮುಷ್ಟಿ ಬಿಗಿ ಹಿಡದ ಅಂತಾರ. ಅಪ್ಪ ಹೇಳಿದ್ದು ಅದೊಂದ ಮಾತು. ಅದನ್ನ ಮುರಿಯಾಕ ನನ್ನ ಕಡೆ ಆಗಂಗಿಲ್ಲ."

ಕುಲ್ಸುಮಬಿಯ ದನಿ ಇಳಿಯಿತು. "ಆ ಮಾತು ಉಳೀಲಿ ಅಂತನ ಬಡಕೊಳ್ಳಾಕತ್ತೇನಿ. ನಮ್ಮ ಸಿಮ್ರಾನ ಬಸುರಿ ಅದಾಳ. ಮಳಿಗಾಲದಾಗ ದಿನ ತುಂಬತಾವ. ಮಗ ಸೊಸಿ ಇರೂದು ಹೊಲದ ಮನ್ಯಾಗ. ಆವತ್ತು ಈ ಜೀಪ್ ಇಲ್ಲಂದ್ರ ನನ್ನ ಸೊಸೀನ ಯಾರ ಹೊತ್ತು ತರ್ತಾರ?"

ಬಸವಣ್ಣೆವ್ವ ಅಂಗಳದ ಜೀಪನ್ನೇ ನೋಡುತ್ತಿದ್ದಳು, ಬಹಳ ದಿನದ ಮೇಲೆ ಬಂದ ಮನೆಯವರನ್ನು ನೋಡುವ ಹಾಗೆ.

ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಚೀಲ ಹೇರಿಯಾಗಿತ್ತು. "ನಾನೂ ಬರ್ತೇನಿ," ಎಂದು ಬಸವಣ್ಣೆವ್ವ ಸೆರಗು ಹೊದ್ದು ನಿಂತಾಗ ನಾಗಲಕ್ಷ್ಮಿಗೆ ಅಚ್ಚರಿ. ಗಂಡ ಹೋದ ಮೇಲೆ ಅಜ್ಜಿ ಆ ಜೀಪು ಹತ್ತಿರಲಿಲ್ಲ. ಕುಲ್ಸುಮಬಿಯೂ ತನ್ನ ಚೀಲಗಳ ಮೇಲೆ ಕುಳಿತಳು. ದಾರಿಯುದ್ದಕ್ಕೂ ಅಜ್ಜಿ ಒಂದು ಕೈಯಿಂದ ಜೀಪಿನ ಕಂಬಿ ಸವರುತ್ತಿದ್ದಳು.

ಚೀಲಗಳನ್ನು ದಲಾಲಿ ಅಂಗಡಿಯಲ್ಲಿ ಇಳಿಸಿ, ಕಲ್ಲೇಶ ಜೀಪನ್ನು ಪೇಟೆಯ ಹಿಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ. ಅವನು ಇಳಿದು ಮುಂದೆ ಹೋದ ಮೇಲೆ ಅಜ್ಜಿ ಆ ಕಡೆಗೆ ಬಂದು, ಬಗ್ಗಿ, ಅವನ ಸೀಟಿನ ಕೆಳಗೆ ಕೈ ಹಾಕಿದಳು.

"ಏನ ಹುಡಕತಿ ಆಯಿ? ಚಪ್ಪಲಿ ಏನು?" ಎಂದು ಅಜ್ಜಿಯನ್ನು ಕೇಳಿದಳು ನಾಗಲಕ್ಷ್ಮಿ.

"ಏನಿಲ್ಲ, ನಡೀ."

ಮೆಣಸಿನಕಾಯಿಗೆ ದರ ಕೂಗುವ ಟೆಂಡರ್ ಮುಗಿದು, ಘಾಟಿಗೆ ಸೀನಿ ಸೀನಿ ಕಣ್ಣು ಕೆಂಪಾಗಿ, ಗಿರ್ಮಿಟ್ಟು ತಿಂದು ಅವರು ಮರಳಿ ಬಂದಾಗ ಜೀಪು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಇತ್ತು.

ಹಮಾಲರು ಯಾರಾದರೂ ಸರಿಸಿರಬೇಕು ಎಂದು ಕಲ್ಲೇಶ ಅತ್ತ ಓಡಿದ, ಇತ್ತ ಓಡಿದ. ಆಮೇಲೆ ಆ ಕಲೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಸಿದ. "ಅಪ್ಪನ್ನ ಕಳಕೊಂಡಂಗ ಆತಲ್ಲೋ..." ಎಂದು ತಲೆಗೆ ಕೈ ಹಚ್ಚಿದ. ನಾಗಲಕ್ಷ್ಮಿ ಹುಟ್ಟಿದ ಜಾಗವನ್ನೇ ಯಾರೋ ಎತ್ತಿಕೊಂಡು ಹೋಗಿದ್ದರು.

"ಅಳೂದು ಆಮ್ಯಾಲ. ಮೊದ್ಲ ಫೋನ್ ಹಚ್ಚು, ಒಂದು ಒಂದು ಎರಡು," ಎಂದಳು ಕುಲ್ಸುಮಬಿ. "ನಮ್ಮಣ್ಣ ಅಲ್ಲಿ ಇಲ್ಲಿ ಹುಡುಕಿ, ಮಂದೀನ ಕೇಳಿ, ಸಂಜಿಕ ಸ್ಟೇಷನ್ನಿಗೆ ಹ್ವಾದ. ಅಷ್ಟೊತ್ತಿಗೆ ಎಲ್ಲಾ ಮುಗದಿತ್ತು."

ನಾಗಲಕ್ಷ್ಮಿ 112ಕ್ಕೆ ಫೋನು ಮಾಡಿದಳು. ಗಾಡಿ ನಂಬರು ಹೇಳಿದಳು. ಎಂಜಿನ್ ನಂಬರು, ಚಾಸಿ ನಂಬರು ಕೇಳಿದಾಗ ಅಪ್ಪನ ಕಡೆ ನೋಡಿದಳು.

"ಆರ್‌ಸಿ ಪುಸ್ತಕದಾಗ ಇರ್ತೇತಿ."

"ಪುಸ್ತಕ ಎಲ್ಲೈತಿ?"

"ಗಾಡ್ಯಾಗ."

ಕುಲ್ಸುಮಬಿ ಹಣೆ ಹಣೆ ಬಡಿದುಕೊಂಡಳು. ಪುಣ್ಯಕ್ಕೆ ಆಯುಧಪೂಜೆಯ ದಿನ ಚೆಂಡುಹೂವಿನ ಹಾರ ಹಾಕಿದ ಜೀಪಿನ ಚಿತ್ರ ನಾಗಲಕ್ಷ್ಮಿಯ ಮೊಬೈಲಿನಲ್ಲಿತ್ತು. ಬಣ್ಣ, ನಂಬರು, ಎಡಗಡೆಯ ತಗಡಿಗೆ ಬಿದ್ದ ತಗ್ಗು, ಎಲ್ಲ ಕಾಣುತ್ತಿತ್ತು.

ಬಸವಣ್ಣೆವ್ವ ಮಾತ್ರ ಕಲ್ಲಿನ ಮೇಲೆ ಶಾಂತವಾಗಿ ಕುಳಿತಿದ್ದಳು. "ಏಳೋ ಕಲ್ಲೇಶಿ. ಭಾಳ ದೂರ ಹೋಗಿರಾಕಿಲ್ಲ ಅದು. ದುಂಬಿ ಅವರ ಕೈಯಾಗ ಸಿಕ್ಕಿಲ್ಲ."

"ಏನಂತಿ ಆಯಿ?"

"ನಿಮ್ಮಜ್ಜ ಸೀಟಿನ ಕೆಳಗ, ಡೀಸೆಲ್ ಟಾಕಿ ಬಾಜೂಕ, ಒಂದು ತಿರುವು ಕೂಡ್ರಿಸಿದ್ದ. ನಲ್ಲಿ ತಿರುವು ಇದ್ದಂಗ. ಪರ ಊರಾಗ ಇಳದ್ರ ಅದನ್ನ ಬಂದ್ ಮಾಡಾಂವ. ಪೈಪಿನ್ಯಾಗ ಉಳದಿದ್ದು ತೀರೂತನಾ ಗಾಡಿ ಓಡ್ತೇತಿ, ಆಮ್ಯಾಲ ಗಪ್. ಇವತ್ತ ನಾ ಬಂದ್ ಮಾಡೇನಿ."

ನಾಗಲಕ್ಷ್ಮಿಗೆ ಈಗ ಹೊಳೆಯಿತು. ಅಜ್ಜ ಜೀಪಿಗೆ ನಮಸ್ಕಾರ ಮಾಡುತ್ತಿರಲಿಲ್ಲ. ದುಂಬಿಯನ್ನು ಪೆಟ್ಟಿಗೆಯಲ್ಲಿಡುತ್ತಿದ್ದ.

ಪೊಲೀಸರು ಬಂದರು. ಎಲ್ಲರೂ ಇಳಿಜಾರಿನ ದಿಕ್ಕಿನಲ್ಲೇ ಹುಡುಕಿಕೊಂಡು ಹೊರಟರು. ಊರು ಮುಗಿದು ರಸ್ತೆ ಹೊರಳುವಲ್ಲಿ, ಜಾಲಿಗಿಡಗಳ ನೆರಳಿನಲ್ಲಿ ಜೀಪು ಬಾನೆಟ್ ತೆರೆದುಕೊಂಡು ನಿಂತಿತ್ತು. ಒಯ್ದವರು ಓಡಿಹೋಗಿದ್ದರು. ಜಾಲಿಯೊಳಗೆ ನುಗ್ಗಲು ಹೊರಟ ಕಲ್ಲೇಶನ ಟವೆಲ್ಲನ್ನು ಕುಲ್ಸುಮಬಿ ಹಿಡಿದೆಳೆದಳು. "ಹುಚ್ಚ ಏನ ನೀ? ಅವ್ರ ಕೈಯಾಗ ಏನೈತೋ ಏನೋ! ಅದು ಪೊಲೀಸ್ರ ಕೆಲಸ."

ಪೈಪಿನೊಳಗೆ ಗಾಳಿ ಹಿಡಿದಿತ್ತು. ಕಲ್ಲೇಶ ತಿರುವು ಬಿಟ್ಟು, ಗಾಳಿ ತೆಗೆದು ಜೀಪು ಎಬ್ಬಿಸಿದ. ತಾಯಿಯ ಹತ್ತಿರ ಬಂದು ಹುಡುಗನ ಹಾಗೆ ಕೇಳಿದ:

"ಅಪ್ಪ ಇದನ್ನ ನನಗ್ಯಾಕ ಹೇಳ್ಲಿಲ್ಲಬೇ?"

"ಹೇಳಿದ್ದ. ನೀ ಚಾವಿ ಮಾತಷ್ಟ ಕಿವ್ಯಾಗ ಹಾಕ್ಕೊಂಡಿ. ಚಾವಿ ಊರವ್ರಿಗೆ ಬಿಟ್ಟಿದ್ದ, ಖರೇ. ಗಾಡಿ ಹೊಡಿಯೂ ಊರವ್ರಿಗೆಲ್ಲ ತಿರುವೂ ತೋರ್ಸಿದ್ದ. ಹೊರಗಿನವ್ರಿಗೆ ತೋರ್ಸಿರ್ಲಿಲ್ಲ. ಮಂದಿಗೆ ಕೊಡೂದು ಬ್ಯಾರೆ, ಕಳ್ಳಗ ಕೊಡೂದು ಬ್ಯಾರೆ."

ಮರುದಿನವೇ ಕಲ್ಲೇಶ ಜೀಪನ್ನು ರಾಣೇಬೆನ್ನೂರಿನ ಮಾಲತೇಶಪ್ಪನ ಗ್ಯಾರೇಜಿಗೆ ಒಯ್ದ. ಗಿರಿಯಪ್ಪನ ಕಾಲದಿಂದ ಜೀಪಿನ ನಾಡಿ ಬಲ್ಲವನು ಅವನು. ನಡೆದದ್ದು ಕೇಳಿ ತಲೆಯಾಡಿಸಿದ.

"ತಿರುವು ಚೊಲೋನ ಐತಿ. ಆದ್ರ ಅದೊಂದನ್ನ ನಂಬಬ್ಯಾಡ್ರಿ, ಗೊತ್ತಿದ್ದಾಂವ ಹುಡುಕಿ ತಗೀತಾನ. ಮೊದ್ಲ ಬ್ಯಾಟ್ರಿ ಬದಲಿ ಮಾಡ್ರಿ. ಬ್ಯಾಟ್ರಿ ಜೀವಂತ ಇದ್ರ ಇಳಿಜಾರು ಯಾಕ ಬೇಕು? ಗ್ವಾಡಿಗೆ ಮೂತಿ ಮಾಡಿ, ಸಮಾ ಜಾಗಾದಾಗ ನಿಲ್ಲಸ್ರಿ."

ಆಮೇಲೆ ಸ್ಟೇರಿಂಗಿಗೂ ಕ್ಲಚ್ಚಿಗೂ ಸೇರಿಸಿ ಕೀಲಿ ಹಾಕುವ ಕಬ್ಬಿಣದ ಸರಳು ಕೊಟ್ಟ. ಗಾಲಿಗೆ ದಪ್ಪ ಸರಪಳಿ ಕೊಟ್ಟ. ಗಾಡಿ ಎಲ್ಲಿದೆಯೆಂದು ಮೊಬೈಲಿಗೆ ತಿಳಿಸುವ ಸಣ್ಣ ಜಿಪಿಎಸ್ ಸಾಧನವನ್ನು ಕಾಣದ ಜಾಗದಲ್ಲಿ ಕೂರಿಸಿದ. ನಾಗಲಕ್ಷ್ಮಿ ಎಂಜಿನ್ ನಂಬರಿನ, ಚಾಸಿ ನಂಬರಿನ, ಆರ್‌ಸಿ ಮತ್ತು ವಿಮೆಯ ಚಿತ್ರ ತೆಗೆದಿಟ್ಟುಕೊಂಡಳು. ಮೂಲ ಪತ್ರಗಳು ಮನೆಯ ಟ್ರಂಕು ಸೇರಿದವು.

"ಅಲ್ರಿ ಮಾಲತೇಶಪ್ಪ, ಇಷ್ಟೆಲ್ಲ ಬೇಕೇನ್ರಿ?" ಎಂದ ಕಲ್ಲೇಶ, ಕೊನೆಯ ಅನುಮಾನವೆಂಬಂತೆ.

ಉತ್ತರ ಕೊಟ್ಟವಳು ನಾಗಲಕ್ಷ್ಮಿ. "ಅಪ್ಪಾ, ಆಯಿ ಕಥಿಯೊಳಗ ಬರೇ ದುಂಬಿ ಇರ್ಲಿಲ್ಲ. ಅದರ ಸುತ್ತ ಪೆಟಗಿ ಇತ್ತು, ಪೆಟಗಿ ಸುತ್ತ ಕಂಬ ಇತ್ತು, ಕಂಬದ ಸುತ್ತ ಕೆರಿ ಇತ್ತು."

ಮನೆಗೆ ಬಂದವನೇ ಕಲ್ಲೇಶ ಸ್ಟೇರಿಂಗಿನ ಪಕ್ಕದ ಚಾವಿಯನ್ನು ತೆಗೆದ. ಅದರ ಕೆಂಪು ದಾರವನ್ನು ಎರಡು ತುಂಡು ಮಾಡಿದ. ಜೀಪಿನ ಒಂದು ಚಾವಿ, ಸರಳಿನ ಒಂದು, ಸರಪಳಿಯ ಒಂದು ಸೇರಿಸಿ ಒಂದು ಗೊಂಚಲು; ಜೋಡಿ ಚಾವಿಗಳದು ಇನ್ನೊಂದು. ಒಂದು ತಮ್ಮ ದೇವರ ಮಾಡದ ಪಕ್ಕದ ಗೂಟಕ್ಕೆ. ಇನ್ನೊಂದನ್ನು ಕುಲ್ಸುಮಬಿಯ ಕೈಗಿಟ್ಟು ಹೇಳಿದ: "ನಾವು ಮನ್ಯಾಗ ಇಲ್ಲಂದ್ರ ಊರ ಮಂದಿ ನಿನ್ನ ಕಡೆ ಬರ್ತಾರ. ಯಾರ ಕೇಳಿದ್ರೂ ಕೊಡು. ಯಾರಂತ ಮಾತ್ರ ನೋಡಿ ಕೊಡಕ್ಕಾ."

"ಗಿರಿಯಪ್ಪ ಮಾವನ ಪದ್ಧತಿ ನನ್ನ ಮನಿಗೂ ಬಂತು ಅನ್ನು," ಎಂದು ಕುಲ್ಸುಮಬಿ ಅದನ್ನು ಬಾಗಿಲ ಚೌಕಟ್ಟಿನ ಒಳಗೆ ತೂಗುಹಾಕಿದಳು.

ಮುಂಗಾರು ಹಿಡಿಯಿತು. ಒಂದು ಮಧ್ಯಾಹ್ನ ಸಿಮ್ರಾನಳಿಗೆ ನೋವು ಬಂದ ಸುದ್ದಿ ಹೊಲದ ಮನೆಯಿಂದ ಫೋನಿನಲ್ಲಿ ಬಂತು. ಕಲ್ಲೇಶ ಹಾವೇರಿಗೆ ಹೋಗಿದ್ದ. ಕುಲ್ಸುಮಬಿ ಚೌಕಟ್ಟಿನಿಂದ ಗೊಂಚಲು ಎತ್ತಿಕೊಂಡು ಮಳೆಯಲ್ಲೇ ಓಡಿಬಂದಳು. ಸರಪಳಿ ಬಿಚ್ಚಿದಳು, ಸರಳು ತೆಗೆದಳು. ನಾಗಲಕ್ಷ್ಮಿ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ತಿರುವು ಬಿಟ್ಟಳು. ಮನಸ್ಸಿನಲ್ಲೇ ನಮಸ್ಕಾರವನ್ನೂ ಮಾಡಿದಳು. ಅಪ್ಪನಿಂದ ಗಾಡಿ ಕಲಿತು ಲೈಸೆನ್ಸ್ ಪಡೆದಿದ್ದ ಅವಳೇ ಸ್ಟೇರಿಂಗಿಗೆ ಕುಳಿತು ಚಾವಿ ತಿರುವಿದ ಕೂಡಲೇ ದುಂಬಿ ಗುಂಯ್ ಎಂದಿತು.

ಎರೆಮಣ್ಣು ಹಿಡಿದೆಳೆಯಿತು, ಜೀಪು ಬಿಡಿಸಿಕೊಂಡು ನಡೆಯಿತು. ಹಿಂದಿನ ಸೀಟಿನಲ್ಲಿ ಬಸವಣ್ಣೆವ್ವ ಇಳಕಲ್ ಸೀರೆ ಮಡಚಿ ಹಿಡಿದು ಕುಳಿತೇ ಇದ್ದಳು, ಬೇಕಾದೀತೆಂದು. ಬೇಕಾಗಲಿಲ್ಲ. ಸಿಮ್ರಾನ ದವಾಖಾನೆ ಸೇರಿದ ಮೇಲೆಯೇ ಕೂಸು ಹುಟ್ಟಿತು. ಹೆಣ್ಣು ಕೂಸು.

ಅದನ್ನು ಮನೆಗೆ ಕರೆತಂದ ದಿನ ಜೀಪಿನ ಸದ್ದಿಗೆ ಅದು ಕಣ್ಣು ಮುಚ್ಚಿ ಮಲಗಿಬಿಟ್ಟಿತು. ಬಸವಣ್ಣೆವ್ವ ಅದರ ಕಿವಿಯ ಹತ್ತಿರ ಬಾಗಿ, ಕೆರೆಯ ನಡುವಿನ ಕಂಬದಿಂದ ಕಥೆ ಶುರು ಮಾಡಿದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಅಂಗಳದಲ್ಲೂ ಅಪ್ಪನದೋ ಅಜ್ಜನದೋ ಒಂದು ಹಳೆಯ ಜೀಪು ನಿಂತಿರಬಹುದು. ಹಳೆಯದನ್ನು ಯಾರು ಒಯ್ಯುತ್ತಾರೆ ಎನ್ನಬೇಡಿ; ಸುಲಭವಾಗಿ ಸಿಗುವುದನ್ನೇ ಕಳ್ಳ ಒಯ್ಯುತ್ತಾನೆ. ಚಾವಿಯನ್ನೂ ಮೂಲ ಪತ್ರಗಳನ್ನೂ ಗಾಡಿಯಲ್ಲಿ ಬಿಡಬೇಡಿ. ಚಾವಿ ಗಾಡಿಯಲ್ಲೇ ಇತ್ತೆಂದರೆ ವಿಮೆಯವರೂ ತಕರಾರು ತೆಗೆಯಬಹುದು. ಸೋತ ಬ್ಯಾಟರಿ ಬದಲಿಸಿ, ಇಳಿಜಾರಿನಲ್ಲಿ ನಿಲ್ಲಿಸುವ ರೂಢಿ ಬಿಡಿ. ಕಣ್ಣಿಗೆ ಕಾಣುವ ಒಂದು ಬೀಗ, ಕಾಣದ ಒಂದು ತಿರುವು, ಎರಡೂ ಇರಲಿ. ಗಾಡಿಯ ನಂಬರುಗಳ ಚಿತ್ರ ಮೊಬೈಲಿನಲ್ಲಿರಲಿ. ಕಳುವಾದರೆ ಬೆನ್ನಟ್ಟಿ ಹೋಗಬೇಡಿ, ಆ ಕ್ಷಣವೇ 112ಕ್ಕೆ ಫೋನು ಮಾಡಿ. ಇವತ್ತು ಇದನ್ನು ಕೆಳಗಿಟ್ಟ ಮೇಲೆ ಒಮ್ಮೆ ಅಂಗಳಕ್ಕೆ ಹೋಗಿ ನೋಡಿ: ನಿಮ್ಮ ಜೀಪಿನ ದುಂಬಿ ಎಲ್ಲಿದೆ?