ಹಳೇ ನೀರಿನ ಮರಿಗಳು

ವರದಕ್ಕ ಎರಡನೇ ಕೊಡವನ್ನೂ ಮೋರಿಗೆ ಬೋರಲು ಹಾಕಿದಳು. ತಮ್ಮ ಬಿಂದುಮಾಧವನನ್ನು ಹೊತ್ತ ಗಾಡಿ ಬಿಲ್ಡಿಂಗಿನ ಗೇಟು ದಾಟಿ ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೆ. ಅವನ ಮಗ ರಾಜೀವ, ನೆಂಟರು, ಅಕ್ಕಪಕ್ಕದ ಗಂಡಸರು ಎಲ್ಲರೂ ನಿಗಡಿಯ ಸ್ಮಶಾನದ ಕಡೆ ಹೋಗಿದ್ದರು.

"ಕುಡಿಯೂ ನೀರು, ಬಳಸೂ ನೀರು, ಎಲ್ಲಾ ಹೋಗಬೇಕು. ಜೀವ ಹೋದ ಮನ್ಯಾಗ ನಿಂತ ನೀರು ಒಂದು ಹನಿ ಉಳಿಬಾರದು," ಅಂದಳು.

ಕೆಳಗಿನ ಮನೆಯ ಶಿವಬಸವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಬೆಳಗಾವಿ ಕಡೆಯ ಹೆಣ್ಣುಮಗಳು, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವವಳಲ್ಲ. "ಅಕ್ಕಾರ, ಇವತ್ತ ನಳಾ ಬರೂ ದಿನಾ ಅಲ್ರಿ. ಡ್ರಮ್ಮಿನ ನೀರೂ ಚೆಲ್ಲಿದ್ರ ಮನಿ ತೊಳಿಯೂದು ಯಾತರಲೆ?"

"ನಿಮ್ಮ ಮನಿಯಿಂದ ತರ್ರಿ. ಸೂತಕ ನಮಗದ, ನಿಮಗೇನಿಲ್ಲಲ್ಲ."

ಶಿವಬಸವ್ವ ಗಪ್‌ಚುಪ್ ಬಕೀಟು ಎತ್ತಿಕೊಂಡು ಇಳಿದಳು. ವರದಕ್ಕನ ಎದುರು ಯಾರ ಮಾತು ನಡೆದೀತು? ಎಪ್ಪತ್ತೈದು ದಾಟಿದ ಜೀವ, ರಾತ್ರಿಯಿಡೀ ಬಸ್ಸಿನಲ್ಲಿ ಧಾರವಾಡದಿಂದ ಬಂದಿದ್ದಳು. ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡುತ್ತಿದ್ದಳು. ಅವಳು ಅಳುವ ರೀತಿಯೇ ಅದು.

ಡ್ರಮ್ಮು ಖಾಲಿಯಾಯಿತು, ಫಿಲ್ಟರಿನ ನೀರು ಹೋಯಿತು, ಫ್ರಿಜ್ಜಿನ ಬಾಟಲಿಗಳೂ ಹೋದವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲಿಗೆ ಬಂದವಳು ಮೂಲೆಯಲ್ಲಿದ್ದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಒಳಗೆ ಹಸಿರು ಗಿಡ ಒತ್ತೊತ್ತಾಗಿ ಬೆಳೆದಿತ್ತು. ಉಗುರಿನಷ್ಟುದ್ದದ ಕೆಂಪು ಮೀನುಗಳು ಎಲೆಗಳ ನಡುವೆ ಓಡಾಡುತ್ತಿದ್ದವು.

"ಶಾಮಲಾ, ಇದೂ ನೀರಽ ಅಲ್ಲೇನು?"

ಗೋಡೆಗೆ ಒರಗಿ ಕೂತಿದ್ದ ಶಾಮಲಾ, ಬಿಂದುಮಾಧವನ ಹೆಂಡತಿ, ತಲೆ ಎತ್ತಿದಳು.

*

ಆ ಪೆಟ್ಟಿಗೆ ಬರಲು ಕಾರಣ ಶಾಮಲಾಳ ಗೋಳೇ. ದೇಹೂ ರೋಡಿನ ಡಿಪೋದಲ್ಲಿ ಸಾಮಾನಿನ ಲೆಕ್ಕ ನೋಡುತ್ತಿದ್ದ ಗಂಡ ರಿಟೈರ್ ಆದ ಮೇಲೆ ಅಡುಗೆಮನೆಯ ಲೆಕ್ಕಕ್ಕೆ ಇಳಿದಿದ್ದ. ಉಪ್ಪಿನಕಾಯಿ ಭರಣಿಗಳನ್ನು ಎತ್ತರದ ಪ್ರಕಾರ ಜೋಡಿಸಿಡುತ್ತಿದ್ದ, ಕುಕ್ಕರಿನ ಸೀಟಿ ಎಣಿಸಿ ಕೂಗಿ ಹೇಳುತ್ತಿದ್ದ. "ಇವರನ್ನ ಎಲ್ಲಿಗರ ಕರಕೊಂಡು ಹೋಗೋ ಮಾರಾಯಾ," ಎಂದು ಅವಳು ಮಗನಿಗೆ ಫೋನಿನಲ್ಲಿ ಅಂಗಲಾಚಿದಳು. ಊರಿನ ಇನ್ನೊಂದು ತುದಿಯ ಧನಕವಡಿಯಲ್ಲಿದ್ದ ರಾಜೀವ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ, ಮೀನು ತಂದ.

"ವೈಷ್ಣವರ ಮನ್ಯಾಗ ಮೀನಾ?" ಎಂದಳು ಶಾಮಲಾ.

"ದಶಾವತಾರದಾಗ ಮೊದಲನೇದು ಯಾವುದು?" ಎಂದು ಬಿಂದುಮಾಧವ ಕಣ್ಣು ಮಿಟುಕಿಸಿದ. ಅಲ್ಲಿಗೆ ವಾದ ಮುಗಿಯಿತು.

ಆಮೇಲೆ ಭರಣಿಗಳಿಗೆ ಬಿಡುಗಡೆ ಸಿಕ್ಕಿತು. ಅವನು ಗಿಡ ನೆಟ್ಟ, ಕತ್ತರಿಸಿದ, ಪಾಚಿಯಂಥ ಒಂದು ಬಳ್ಳಿಯನ್ನು ದಾರದಿಂದ ಕಲ್ಲಿಗೆ ಕಟ್ಟಿದ. ಅಂಗಡಿಯವನು ಮೊದಲೇ ಹೇಳಿದ್ದ: ಈ ಜಾತಿ ಮನೆಯಲ್ಲಿ ಮರಿ ಮಾಡುವುದಿಲ್ಲ, ತತ್ತಿ ಇಟ್ಟರೂ ತಾವೇ ತಿಂದುಬಿಡುತ್ತವೆ, ಆಸೆ ಇಟ್ಟುಕೊಳ್ಳಬೇಡಿ. ಆಸೆ ಯಾರಿಗಿತ್ತು? ಬಿಂದುಮಾಧವ ಸುಮ್ಮನೆ ನೋಡುತ್ತ ಕೂರುತ್ತಿದ್ದ, ಅಷ್ಟೆ.

ಹೋದ ತಿಂಗಳು ಒಂದು ಬೆಳಿಗ್ಗೆ ಕೂಗಿದ: "ಶಾಮಲಾ, ಓಡಿ ಬಾ!"

ಎದೆನೋವೇ ಬಂತೆಂದು ಅವಳು ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. ಅವನು ಗಾಜಿಗೆ ಮೂಗು ಒತ್ತಿ ಕೂತಿದ್ದ.

"ಹಡದಾವ!"

"ಯಾರು?"

"ಇವು! ಇಲ್ಲೆ ಬಳ್ಳ್ಯಾಗ ನೋಡು."

ಅವಳಿಗೆ ಏನೂ ಕಾಣಲಿಲ್ಲ. ಚಾಳೀಸು ತಂದು ನೋಡಿದಳು, ಆಗ ಕಂಡವು. ಅಯ್ಯ, ಎಷ್ಟು ಸಣ್ಣವು! ಗಂಡನ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು.

ಮರಿಗಳಿಗೆ ತಿನ್ನಿಸುವುದೇ ಒಂದು ಪಜೀತಿಯಾಯಿತು. ಡಬ್ಬಿಯ ಕಾಳು ಅವುಗಳ ಬಾಯಿಗೆ ದೊಡ್ಡದು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಚಿಟಿಕೆಗಿಂತ ಕಮ್ಮಿ, ನೀರಲ್ಲಿ ಕಲಸಿ ಹಾಕಿ ಎಂದ ಅಂಗಡಿಯವನು. ಮೊಟ್ಟೆ! ಈ ಮನೆಯ ಹೊಸ್ತಿಲು ಯಾವತ್ತೂ ಕಾಣದ ಪದಾರ್ಥ. ಬಿಂದುಮಾಧವ ಸಂಜೆ ಚೌಕದ ಅಂಡಾ ಭುರ್ಜಿ ಗಾಡಿಯ ಮುಂದೆ ನಿಂತು, ಒಂದು ಬೇಯಿಸಿದ ಮೊಟ್ಟೆ ಕೊಂಡು, ಹಳದಿಯನ್ನಷ್ಟೇ ಕಾಗದದಲ್ಲಿ ಕಟ್ಟಿಸಿಕೊಂಡ. "ಕಾಕಾ, ಪಾಂಢರಂ ಕೋಣ ಖಾಣಾರ?" ಬಿಳಿಯದನ್ನು ಯಾರು ತಿನ್ನುವವರು ಎಂದು ಗಾಡಿಯವನು ಮರಾಠಿಯಲ್ಲಿ ಕೇಳಿದ. "ತೂಚ್ ಖಾ ಬಾಬಾ," ನೀನೇ ತಿನ್ನಪ್ಪಾ ಎಂದು ಇವನು ಮನೆಯ ದಾರಿ ಹಿಡಿದ.

ಶಾಮಲಾ ರಂಪ ಮಾಡಿದಳು. ಕಾಗದವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡಿಸಿದಳು, ಗಂಡನಿಗೆ ಮೂರು ಸಲ ಕೈ ತೊಳೆಸಿದಳು. ಆದರೆ ಅವನಿಗೆ ಮೊಳಕಾಲು ಹಿಡಿದುಕೊಂಡ ದಿನ, ತಲೆ ತುಂಬ ಸೆರಗು ಹೊದ್ದು ಆ ಗಾಡಿಯ ಮುಂದೆ ಹೋಗಿ ನಿಂತವಳು ಅವಳೇ.

*

"ಮರಿ ಅದಾವ್ರೀ ಅದರಾಗ," ಎಂದು ತುಂಬಿದ ಬಕೀಟು ಇಳಿಸುತ್ತ ಶಿವಬಸವ್ವ ಅಂದಳು. "ಅಣ್ಣಾರು ಬಿಲ್ಡಿಂಗಿಗೆಲ್ಲಾ ಪೇಢಾ ಹಂಚಿದ್ರು. ಮೊಮ್ಮಗ ಹುಟ್ಯಾನಂತ ನಾವು ಕೂಸಿನ ಬಟ್ಟಿ ತಗೊಂಡು ಬಂದ್ವಿ ನೋಡ್ರಿ!"

"ಗೊತ್ತದ. ನನಗೂ ಫೋನ್ ಮಾಡಿದ್ದ. 'ಅಕ್ಕಾ, ಒಮ್ಮೆ ಬಂದು ನೋಡಿ ಹೋಗು' ಅಂದ. 'ಮೀನಿನ ಬಾಣಂತನಕ್ಕ ಧಾರವಾಡದಿಂದ ಬರಬೇಕೇನೋ ಹುಚ್ಚಪ್ಪಾ' ಅಂದೆ. ಎಷ್ಟು ನಕ್ಕ..." ವರದಕ್ಕನ ಧ್ವನಿ ಅಲ್ಲಿ ಸ್ವಲ್ಪ ಒಡೆಯಿತು. ಕೂಡಲೇ ಗಟ್ಟಿಯಾಯಿತು. "ಬಕೀಟಿನಾಗ ಹೊಸಾ ನೀರು ಹಾಕಿ ಅವನ್ನ ಅದರಾಗ ಬಿಡು. ಮೀನು ಕೊಲ್ಲು ಅಂದೆನೇನು ನಾ?"

ಶಾಮಲಾ ಎದ್ದು ನಿಂತಳು. "ಹೊಸಾ ನೀರಾಗ ಮರಿ ಉಳಿಯೂದಿಲ್ಲ ಅಕ್ಕಾ. ದೊಡ್ಡವು ಹೆಂಗರ ತಡಕೋತಾವ. ಇವು ಹಳೇ ನೀರಾಗಽ ಹುಟ್ಟ್ಯಾವ, ಅದಽ ಬೇಕು ಅಂತ ಇವರು ಹೇಳ್ತಿದ್ರು."

"ಮತ್ತ ಬಿಂದೂ? ಹೋಗೂ ಜೀವ ಮನಿ ನೀರಾಗ ಇಳಿದು ಕೂಡ್ತದ. ಅದನ್ನ ಚೆಲ್ಲಿದ್ರಽ ದಾರಿ ಹಿಡೀತದ. ಅವ್ವ ಹೋದಾಗ ಚೆಲ್ಲಿದ್ವಿ, ಅಪ್ಪ ಹೋದಾಗ ಚೆಲ್ಲಿದ್ವಿ. ನನ್ನ ತಮ್ಮ ಒಬ್ಬಾವಽ ದಾರಿ ಸಿಗಲಾರದ ಇಲ್ಲೇ ಅಡ್ಡಾಡಬೇಕೇನು?"

ಮದುವೆಯಾಗಿ ಬಂದಾಗಿನಿಂದ ಶಾಮಲಾ ಈ ನಾದಿನಿಗೆ ಎದುರು ಮಾತಾಡಿದವಳಲ್ಲ. ಹಬ್ಬದ ಅಡುಗೆಯಿಂದ ಮಗನ ಮುಂಜಿಯವರೆಗೆ ಎಲ್ಲಕ್ಕೂ ಹೂಂ ಅಂದವಳು. ಈಗ ಪೆಟ್ಟಿಗೆಗೆ ಬೆನ್ನು ಕೊಟ್ಟು ಅಡ್ಡ ನಿಂತುಬಿಟ್ಟಳು.

"ಅಡ್ಡಾಡ್ಲಿ ಬಿಡ್ರಿ. ಅಷ್ಟು ಗಡಬಡಿ ಏನದ ಅವರಿಗೆ? ಮರಿ ದೊಡ್ಡವು ಆಗೂತನಕ ಇಲ್ಲೇ ಇರ್ಲಿ. ನನಗೂ ಅವರು ಬೇಕು ಅಕ್ಕಾ, ಇವತ್ತಽ ಹೆಂಗ ಕಳಿಸಲಿ?" ಎಂದವಳೇ ಗಟ್ಟಿಯಾಗಿ ಅತ್ತಳು. ಬೆಳಗಿನಿಂದ ಇಷ್ಟು ಜೋರಾಗಿ ಅತ್ತಿರಲಿಲ್ಲ.

ವರದಕ್ಕ ಶಿವಬಸವ್ವನ ಕೈಯಿಂದ ಕಸಬರಿಗೆ ಕಸಿದುಕೊಂಡು ಮನೆ ತೊಳೆಯತೊಡಗಿದಳು. ಒಳಮನೆ, ಅಡುಗೆಮನೆ, ತಮ್ಮನನ್ನು ಮಲಗಿಸಿದ್ದ ಜಾಗ, ಮಂಚದ ಕೆಳಗೆ, ಬಾಗಿಲ ಸಂದಿ. ಬೇಡವೆಂದರೂ ಕೇಳದೆ ಒಂದೇ ಕಡೆಯನ್ನು ಎರಡೆರಡು ಸಲ ತೊಳೆದಳು. ಶಿವಬಸವ್ವ ಬಕೀಟು ಹೊತ್ತು ಹೊತ್ತು ಸುಸ್ತಾಗಿ ಮೆಟ್ಟಿಲ ಮೇಲೆ ಕೂತಳು.

ಕೊನೆಗೆ ವರದಕ್ಕ ಒಂದು ಸ್ಟೀಲಿನ ತಂಬಿಗೆ ಹಿಡಿದು ಶಾಮಲಾಳ ಹತ್ತಿರ ಬಂದಳು. ಧ್ವನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಒಂದು ತಂಬಿಗಿ, ಶಾಮಲಾ. ಅಷ್ಟು ಚೆಲ್ಲಿದ್ರ ಎಲ್ಲಾ ಚೆಲ್ಲಿದಂಗಽ ಅಂತ ತಿಳಕೋತೀನಿ. ಅಷ್ಟರ ಮಾಡಗೊಡು ನನಗ. ಎತ್ತಿ ಆಡಿಸಿದ ಕೂಸು ಅದು."

ಶಾಮಲಾ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

ವರದಕ್ಕ ಗಿಡವಿಲ್ಲದ ಮೂಲೆ ಹುಡುಕಿ, ಮೀನುಗಳು ದೂರ ಹೋಗುವವರೆಗೆ ಕಾದು, ತಂಬಿಗೆ ಮುಳುಗಿಸಿ ಎತ್ತಿದಳು. ಮೋರಿಯ ಹತ್ತಿರ ಹೋಗಿ ಬಗ್ಗಿದಳು. ಕಿಟಕಿಯ ಬಿಸಿಲು ನೇರವಾಗಿ ತಂಬಿಗೆಯೊಳಗೆ ಬಿದ್ದಿತ್ತು. ಬಗ್ಗಿದವಳು ಹಾಗೇ ನಿಂತಳು.

ಹೊರಗೆ ಕಾಲ ಸಪ್ಪಳ ಕೇಳಿಸಿತು. ಗಂಡಸರು ಬಂದಿದ್ದರು. ರಾಜೀವ ಹೊಸ್ತಿಲಾಚೆಯಿಂದ ಕರೆದ: "ಅತ್ಯಾ, ಕಾಲಿಗೆ ನೀರು."

"ತಡಿಯೋ."

ತಂಬಿಗೆಯ ತಳದಲ್ಲಿ ಕೂದಲೆಳೆಯಂಥದ್ದೊಂದು ಚಲಿಸಿತು, ನಿಂತಿತು, ಮತ್ತೆ ಚಲಿಸಿತು.

"ಇದನ್ನಽ ಏನೋ ಬಿಂದೂ," ವರದಕ್ಕ ಮೆಲ್ಲಗೆ ಅಂದಳು, "ಇದನ್ನಽ ಏನೋ ಬಂದು ನೋಡು ಅಂದಿದ್ದು?" ಕಣ್ಣಲ್ಲಿ ತುಂಬಿದ ನೀರಿಗೆ ಮುಂದಿನದೇನೂ ಕಾಣಿಸದಾಯಿತು.

"ಅತ್ಯಾ..."

"ತಡೀ ಅಂದೆನಲ್ಲ!"

ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಹಸಿ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ವರದಕ್ಕ ಹಾಲಿಗೆ ವಾಪಸು ಬಂದಳು. ತಂಬಿಗೆಯನ್ನು ಮೊಳಕೈಯವರೆಗೆ, ಸೆರಗಿನ ಸಮೇತ, ಪೆಟ್ಟಿಗೆಯ ನೀರಿನೊಳಗೆ ಇಳಿಸಿ ಮೆಲ್ಲಗೆ ವಾಲಿಸಿದಳು. ಆ ಕೂದಲೆಳೆ ತಾನಾಗಿ ಹೊರಗೆ ಬರಲಿ ಎಂದು ಕಾಯುತ್ತ ಕೈ ಅಲುಗಿಸದೆ ನಿಂತಳು. ಹೊಸ್ತಿಲಾಚೆ ಗಂಡಸರು ಒದ್ದೆ ಪಂಚೆಯಲ್ಲಿ ಕಾಯುತ್ತಲೇ ಇದ್ದರು.