ಮಾಕ್ಸಿ ಮನೆತನದ ವಿಗ್

"ಬಿಡೋ ಎವರಾರ್ಡ್, ಬಿಡು," ಎನ್ನುತ್ತ ಹೆಸ್ಟರಜ್ಜಿ ಶವಪೆಟ್ಟಿಗೆಯೊಳಗೆ ಬಾಗಿ, ಮಗನ ಕೈಗಳ ಕೆಳಗಿನಿಂದ ವಿಗ್ಗನ್ನು ಎಳೆಯುತ್ತಿದ್ದಳು. ಸೆಟೆದುಹೋದ ಬೆರಳುಗಳು ಬಿಡಲೊಲ್ಲವು. ಅರವತ್ತು ದಾಟುವವರೆಗೂ ತಾಯಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ವಕೀಲ, ಸತ್ತ ಮೇಲಾದರೂ ಒಮ್ಮೆ ಹಟ ಹಿಡಿದಂತಿತ್ತು. ಆದರೆ ಅಜ್ಜಿಯ ಮುಂದೆ ಯಾರ ಹಟ ನಡೆದಿದೆ? ವಕೀಲರು ಕೋರ್ಟಿನಲ್ಲಿ ತೊಡುವ, ಕುದುರೆಕೂದಲಿನ ಆ ಹಳೇ ವಿಗ್ ಕೊನೆಗೂ ಅವಳ ಕೈಗೆ ಬಂತು.

"ಇದನ್ನ ಇಲ್ಲಿಟ್ಟೋರು ಯಾರು?"

ಪೆಟ್ಟಿಗೆ ತಂದವನು ಟೋಪಿ ತೆಗೆದು ನಿಂತ. "ದೊಡ್ಡ ವಕೀಲ್ರು ಅಲ್ವಾ ತಾಯಿ, ಗೌರವಕ್ಕೆ ಅಂತ..."

"ಮಣ್ಣಲ್ಲಿ ಹೂಳೋಕೆ ತರ್ಸಿದ್ದಲ್ಲ ಇದು. ಇವತ್ತು ಚರ್ಚಲ್ಲಿ ಎಲ್ರ ಎದುರಿಗೆ ಹುಡುಗಿ ತಲೆಗೆ ಇಡ್ತೀನಿ. ಶುಕ್ರವಾರ ಇದನ್ನ ಹಾಕ್ಕೊಂಡೇ ಅವಳು ಕೋರ್ಟಲ್ಲಿ ಪ್ರಮಾಣ ತಗೋಬೇಕು."

ಹುಡುಗಿ ಎಂದರೆ ಡೆಲ್ಫಿನ್, ಎವರಾರ್ಡನ ಒಬ್ಬಳೇ ಮಗಳು. ಅವಳು ಬಾಗಿಲ ಬಳಿ ಹೂ ಹಿಡಿದು ನಿಂತಿದ್ದಳು. ಕಾನೂನು ಪರೀಕ್ಷೆ ಪಾಸು ಮಾಡಿದ್ದಳು, ನಿಜ. ಆದರೆ ಅವಳ ಮಂಚದ ಕೆಳಗೆ ಬಟ್ಟೆಯ ಚೀಲ ಕಟ್ಟಿ ಸಿದ್ಧವಾಗಿತ್ತು. ನಾಳೆ ಟಪಾಲು ಹಡಗು ಹತ್ತಿ ಎಕ್ಸೂಮಾ ದ್ವೀಪಕ್ಕೆ ಹೋಗುವುದು, ಅಲ್ಲಿ ತಾಯಿಯ ತಂದೆಯ ಜೊತೆ ಹಾಯಿದೋಣಿ ಕಟ್ಟುವ ಕೆಲಸಕ್ಕೆ ನಿಲ್ಲುವುದು ಎಂದು ಅವಳು ತೀರ್ಮಾನಿಸಿ ಎಷ್ಟೋ ತಿಂಗಳಾಗಿತ್ತು. ಇದನ್ನು ಅವಳು ಹೇಳಿಕೊಂಡಿದ್ದುದು ಅಪ್ಪನೊಬ್ಬನಿಗೇ.

ಎವರಾರ್ಡನ ತಂಗಿ ವರ್ನೀಸ್ ಸೊಂಟಕ್ಕೆ ಕೈಯಿಟ್ಟಳು. "ಅಮ್ಮಾ, ಅಣ್ಣಂದು ಕುಂಬಳಕಾಯಿ ತಲೆ, ಅವನಿಗೆ ಬಿಗಿಯಾಯ್ತು. ಇವಳದು ನಿಂಬೆಹಣ್ಣು. ಬಕೆಟ್ ಕವುಚಿದ ಹಾಗೆ ಮೂಗಿನ ಮೇಲೆ ಬರುತ್ತೆ. ಸಾವಿನ ಮನೇಲಿ ಜನ ನಗಬೇಕಾ? ಹೊಸದು ತರ್ಸು."

"ಹೊಸದಾ? ಹೋಟೆಲ್ಲಿನ ಹಾಸಿಗೆಬಟ್ಟೆ ಒಗೆದೂ ಒಗೆದೂ ಲಂಡನ್ನಿಂದ ತರ್ಸಿದ್ದು ಕಣೇ ಇದನ್ನ! ನಿಮ್ಮಪ್ಪ ಇದನ್ನ ಹಾಕ್ಕೊಂಡು ನಿಂತ ಮೇಲೇ ಆ ಬಿಳಿ ಜಡ್ಜ್ 'ಮಿಸ್ಟರ್ ಮಾಕ್ಸಿ' ಅಂತ ಬಾಯ್ಬಿಟ್ಟಿದ್ದು. ಅಲ್ಲೀವರೆಗೂ ಬರೀ 'ಏಯ್'."

ವರ್ನೀಸ್ ಸುಮ್ಮನಾಗಲಿಲ್ಲ. "ಕೂರದಿದ್ರೆ?"

ಅಜ್ಜಿ ವಿಗ್ಗನ್ನು ಎದೆಗೊತ್ತಿಕೊಂಡಳು. "ಕೂತ್ರೆ ಅವಳದು. ಕೂರದಿದ್ರೆ ದೇವರಿಗೆ ಇಷ್ಟ ಇಲ್ಲ ಅಂತ. ನನ್ನ ಕೈಯಾರೆ ಇವನ ಜೊತೇಲೇ ಇಟ್ಟುಬಿಡ್ತೀನಿ. ಆಮೇಲೆ ಕೋರ್ಟು ಅನ್ನೋ ಮಾತೇ ಎತ್ತಲ್ಲ. ದೇವರಾಣೆ."

ಅಜ್ಜಿ ಆಣೆಯಿಟ್ಟು ತಪ್ಪಿದ್ದನ್ನು ನಸೌ ಪಟ್ಟಣದಲ್ಲಿ ಯಾರೂ ಕಂಡಿಲ್ಲ. ಡೆಲ್ಫಿನ್ ತನ್ನ ಪುಟ್ಟ ತಲೆಯನ್ನು ಮುಟ್ಟಿ ನೋಡಿಕೊಂಡಳು. ಅಂಗಡಿಯಿಂದ ತಂದ ಯಾವ ಟೋಪಿಯೂ ಪಿನ್ನು ಚುಚ್ಚದೆ ಅದರ ಮೇಲೆ ನಿಂತದ್ದಿಲ್ಲ. ಅಪ್ಪ ಸತ್ತ ದಿನದಿಂದ ಮೊದಲ ಸಲ ಅವಳಿಗೆ ಸರಾಗವಾಗಿ ಉಸಿರಾಡಿದಂತಾಯಿತು, ಅದಕ್ಕೆ ನಾಚಿಕೆಯೂ ಆಯಿತು.

*

"ಇವತ್ತು ಹೇಳೇಬಿಡ್ತೀನಿ," ಎಂದು ಅಪ್ಪ ಅಜ್ಜಿಯ ಗೇಟಿನ ಮುಂದೆ ಕಾರು ನಿಲ್ಲಿಸಿದ್ದ. ಅದು ಅವನು ಸಾಯುವ ಕೆಲವು ವಾರಗಳ ಹಿಂದಿನ ಒಂದು ಭಾನುವಾರದ ಊಟದ ಹೊತ್ತು. "'ಅಮ್ಮಾ, ಅವಳು ದೋಣಿ ಕಟ್ಟಲಿ ಬಿಡು.' ಇಷ್ಟೇ ತಾನೆ? ಕೊಲೆ ಕೇಸು ವಾದಿಸಿದೋನಿಗೆ ಇದೇನು ಮಹಾ."

"ನಾನೂ ಒಳಗೆ ಬರ್ಲಾ ಅಪ್ಪಾ?"

"ಬೇಡ. ನೀನಿದ್ರೆ ನಂಗೆ ನಾಲಿಗೆ ಏಳಲ್ಲ."

ಡೆಲ್ಫಿನ್ ಸೆಕೆಯಲ್ಲಿ ಕಾರೊಳಗೇ ಕಾದಳು. ಅಪ್ಪ ಹೊರಬಂದಾಗ ಕೈಯಲ್ಲಿ ಸೀಬೆಹಣ್ಣಿನ ಕಡುಬಿನ ಡಬ್ಬಿ ಇತ್ತು, ಮುಖ ಇಳಿದಿತ್ತು.

"ಇವತ್ತು ಅವಳಿಗೆ ಮಂಡಿನೋವು. ಮುಂದಿನ ವಾರ."

"ಹೋದ ವಾರ ಸೊಂಟ ಆಗಿತ್ತು."

"ಮುಂದಿನ ವಾರ ಖಂಡಿತ ಮಗಳೇ."

ಅವಳಿಗೆ ಬೈಯಲು ಮನಸ್ಸಾಗಲಿಲ್ಲ. ಅಪ್ಪನ ಹಣೆಯಲ್ಲಿ ವಿಗ್ಗಿನ ಅಂಚು ಕೊರೆದ ಗೆರೆ ಭಾನುವಾರವೂ ಮಾಸುತ್ತಿರಲಿಲ್ಲ. ಪ್ರತಿದಿನ ಕೋರ್ಟಿನಿಂದ ಬಂದವನು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕತ್ತಲೆ ಕೋಣೆಯಲ್ಲಿ ಕೂರುತ್ತಿದ್ದ. ವಿಗ್ಗನ್ನು ಸ್ವಲ್ಪ ಸಡಿಲ ಮಾಡಿಸಲೇ ಎಂದು ಹಿಂದೊಮ್ಮೆ ತಾಯಿಯನ್ನು ಕೇಳಿದ್ದನಂತೆ. "ನಿನ್ನ ತಲೆ ದೊಡ್ಡದಾಗಿದ್ದು ವಿಗ್ಗಿನ ತಪ್ಪಾ?" ಎಂದು ಅಜ್ಜಿ ಕೇಳಿದ್ದಳು. ಅಲ್ಲಿಗೆ ಆ ಮೊಕದ್ದಮೆ ವಜಾ ಆಗಿತ್ತು.

ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಅಪ್ಪ ಒಂದು ಮಂಗಳವಾರ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಹೋಗಿಬಿಟ್ಟ.

*

ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲುಗಳಲ್ಲಿ ಕಪ್ಪು ಗೌನು, ಬಿಳಿ ವಿಗ್ ತೊಟ್ಟ ವಕೀಲರು ಬೆವರುತ್ತ, ಎವರಾರ್ಡನ ಚಿತ್ರವಿದ್ದ ಪುಸ್ತಿಕೆಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಮುದಿ ವಕೀಲ ಪಿಂಡರ್ ಅಜ್ಜಿಯ ತೊಡೆಯ ಮೇಲಿದ್ದ ವಿಗ್ಗನ್ನು ತೋರಿಸಿ ಪಕ್ಕದವನ ಕಿವಿಯಲ್ಲಿ, "ಆ ಹಳದಿ ಬಣ್ಣ ನೋಡಯ್ಯಾ! ನೀವು ಹೊಸಬರು ವಿಗ್ ಹಳೇದು ಕಾಣ್ಲಿ ಅಂತ ಚಹಾದಲ್ಲಿ ಎಷ್ಟು ಅದ್ದಿದ್ರೂ ಬರಲ್ಲ ಅದು," ಎಂದ.

ಪಾದ್ರಿಯ ಮಾತು ಮುಗಿಯಿತು. ಪೆಟ್ಟಿಗೆ ಮುಚ್ಚುವ ಮುನ್ನ ಅಜ್ಜಿ ಎದ್ದು, "ಬಾರೇ," ಎಂದಳು.

ಡೆಲ್ಫಿನ್ ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಅಜ್ಜಿಯ ಎರಡು ಕೈಗಳು ಅವಳ ತಲೆಯ ಮೇಲೆ ವಿಗ್ಗನ್ನು ಇಳಿಸಿದವು. ಈಗ ಜಾರುತ್ತದೆ, ಈಗ ಹುಬ್ಬಿಗೆ ಬರುತ್ತದೆ ಎಂದು ಅವಳು ಕಣ್ಣು ಮುಚ್ಚಿ ಕಾದಳು. ಜಾರಲಿಲ್ಲ. ಅಳುವವಳ ಹಾಗೆ ತಲೆಯನ್ನು ಮುಂದಕ್ಕೆ ಬಗ್ಗಿಸಿದಳು. ಆಗಲೂ ಕದಲಲಿಲ್ಲ. ಜೋರಾಗಿ ಕೊಡವಿದಳು. ಅವಳ ತಲೆಗೆಂದೇ ಮಾಡಿಸಿದ ಹಾಗೆ ಅದು ಕೂತೇ ಇತ್ತು.

"ಆಮೆನ್!" ಎಂದು ಯಾರೋ ಕೂಗಿದರು. ಇಡೀ ಚರ್ಚು ಚಪ್ಪಾಳೆ ತಟ್ಟಿತು. ಮಗ ಸತ್ತಾಗಲೂ ಅಳದ ಅಜ್ಜಿ ಮೊಮ್ಮಗಳ ಭುಜಕ್ಕೆ ಒರಗಿ ಬಿಕ್ಕಿದಳು. "ನನ್ನ ಜೀವಮಾನ ಸಾರ್ಥಕ ಆಯ್ತು ಕಂದಾ. ತೆಗೀಬೇಡ, ಸ್ಮಶಾನದವರೆಗೂ ಹಾಗೇ ಇರಲಿ." ಡೆಲ್ಫಿನ್ ಅವಳ ಹಗುರ ಮೈಯನ್ನು ಹಿಡಿದುಕೊಂಡಳು, ವಿಗ್ಗನ್ನು ತೆಗೆಯಲಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿದರು.

ಹೊರಗೆ ವಾದ್ಯದವರು ಶುರುಮಾಡಿದ್ದರು. ಬಾಗಿಲ ಬಳಿ, ಮಾರುಕಟ್ಟೆಯಲ್ಲಿ ಹುಲ್ಲಿನ ಟೋಪಿ ಹೆಣೆಯುವ ಮಿಸ್ ಯೂಲಾ ಡೆಲ್ಫಿನ್‌ಳನ್ನು ತಬ್ಬಿಕೊಂಡು, ಕಿವಿಯ ಹತ್ತಿರ ಬಾಯಿ ತಂದಳು.

"ಸರಿಯಾಗಿ ಕೂತಿದೆಯಲ್ಲ? ಎದೆ ಡವಡವ ಅಂತಿತ್ತು ನಂಗೆ. ಹೋದ ತಿಂಗಳು ನಿಮ್ಮಪ್ಪ ಇದನ್ನ ಕದ್ದು ತಂದುಕೊಟ್ಟಿದ್ರು, ಕೋರ್ಟಿಗೆ ಬೇರೆ ಎರವಲು ವಿಗ್ ಹಾಕ್ಕೊಳ್ತೀನಿ ಅಂದ್ರು. ಅಳತೆಗೆ ಅಂತ ನಿನ್ನ ಚರ್ಚಿನ ಟೋಪಿನೂ ತಂದಿದ್ರು."

ಡೆಲ್ಫಿನ್ ಅವಳನ್ನೇ ನೋಡಿದಳು. "ಅಪ್ಪನಾ?"

"ಹೂಂ ಮತ್ತೆ. 'ಅಮ್ಮಂಗೆ ಹೇಳೋ ಧೈರ್ಯ ನಂಗೆ ಈ ಜನ್ಮದಲ್ಲಿ ಬರಲ್ಲ ಯೂಲಾ,' ಅಂದ್ರು. 'ನಂಗಂತೂ ತಲೆನೋವು ತಪ್ಪಲಿಲ್ಲ. ಅವಳಿಗೆ ನೋಯಬಾರದು, ಹಾಗೆ ಹೊಲಿ.' ಏನೋ ಕೇಸಿನ ಮಾತಿರಬೇಕು, ನಂಗೆ ಅರ್ಥ ಆಗಲಿಲ್ಲ. ಹೊಲಿದುಕೊಟ್ಟೆ."

ಡೆಲ್ಫಿನ್‌ಗೆ ಅಪ್ಪನನ್ನು ಎಬ್ಬಿಸಿ ಕೂಗಾಡಬೇಕೆನಿಸಿತು. ಪೆಟ್ಟಿಗೆ ಆಗಲೇ ಆರು ಮಂದಿಯ ಹೆಗಲ ಮೇಲೆ ಮೆಟ್ಟಿಲು ಇಳಿಯುತ್ತಿತ್ತು. ಅಜ್ಜಿ ಅವಳ ತೋಳು ಹಿಡಿದು ಬಿಸಿಲಿಗೆ ನಡೆಸಿದಳು. ಡೆಲ್ಫಿನ್ ಇನ್ನೊಂದು ಕೈಯನ್ನು ಹಿಂದಕ್ಕೆ ಒಯ್ದು ವಿಗ್ಗಿನ ಒಳಗೆ ಬೆರಳು ತೂರಿಸಿದಳು. ಸುತ್ತಲೂ ಮೆತ್ತನೆಯ ಬಟ್ಟೆ ಇಟ್ಟು, ಹತ್ತಿರ ಹತ್ತಿರ ಹೊಲಿಗೆ ಹಾಕಿತ್ತು. ಎಲ್ಲೂ ಚುಚ್ಚುತ್ತಿರಲಿಲ್ಲ.